ಹಳೆಯ ಔಷಧಿ, ಹೊಸ ವೈರಾಣು: ಅಂತರಜಾಲ ದತ್ತಾಂಶಕೋಶಗಳ ಚರಿತ್ರೆ ಮತ್ತು ಬೆಳಗಾವಿ ಗಡಿಭಾಗ

ಹಾರೂಗೇರಿಯು ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿಗೆ ಸೇರಿದ ಪುರಸಭೆಯ ಪಟ್ಟಣ. ಕೃಷ್ಣಾ ನದಿಯ ಬಯಲಿನ ಈ ಸೀಮೆ ಕಬ್ಬು ಮತ್ತು ಅರಿಸಿನದ ಬೆಳೆಗಳಿಗೆ ಹೆಸರಾದುದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಈ ಗಡಿಭಾಗದಲ್ಲಿ ಮಾರುಕಟ್ಟೆಗಾಗಿ ಸಾಂಗಲಿಗೂ ಚಿಕಿತ್ಸೆಗಾಗಿ ಮೀರಜಿಗೂ ಹೋಗುವ ರೂಢಿ ಬಹುಕಾಲದಿಂದ ಬಂದಿದೆ. ಮಿಶನರಿ ವೈದ್ಯ ವಿಲಿಯಂ ವಾನ್ಲೆಸ್ ಅವರು ೧೮೯೪ರಲ್ಲಿ ಮೀರಜಿನಲ್ಲಿ ಆಸ್ಪತ್ರೆಯನ್ನು ಸ್ಥಾಪಿಸಿದ ಮೇಲೆ ಈ ರೂಢಿ ಮತ್ತಷ್ಟು ಗಟ್ಟಿಯಾಯಿತು. ೧೯೫೬ರ ರಾಜ್ಯ ಪುನರ್ವಿಂಗಡಣೆಯ ನಂತರ ಆಡಳಿತದ ಗೆರೆ ಬದಲಾದರೂ ರೋಗಿಗಳು ನಡೆದ ದಾರಿ ಬದಲಾಗಲಿಲ್ಲ. ಬೆಳಗಾವಿ ನಗರವಾದರೋ ಸಿಡುಬಿನ ಲಸಿಕೆಯನ್ನು ತಯಾರಿಸುತ್ತಿದ್ದ ಲಸಿಕಾ ಸಂಸ್ಥೆಯಿಂದಾಗಿ ಮುಂಬಯಿ ಪ್ರಾಂತದ ಕಾಲದಿಂದಲೂ ವೈರಾಣು ರೋಗಗಳ ಚರಿತ್ರೆಯಲ್ಲಿ ಸ್ಥಾನ ಪಡೆದಿದೆ.

೨೦೨೦–೨೧ರ ಕೋವಿಡ್ ಪಿಡುಗಿನ ಕಾಲದಲ್ಲಿ ಈ ಗಡಿಭಾಗದಲ್ಲಿಯೂ ನಾಡಿನ ಇತರೆಡೆಗಳಲ್ಲಿಯೂ ಕೆಲವು ಔಷಧಿಗಳ ಹೆಸರು ಜನರ ಬಾಯಲ್ಲಿ ನೆಲೆಸಿದವು. ಹೈಡ್ರಾಕ್ಸಿಕ್ಲೋರೋಕ್ವಿನ್, ಐವರ್‌ಮೆಕ್ಟಿನ್, ಫ್ಯಾವಿಪಿರಾವಿರ್, ರೆಮ್‌ಡೆಸಿವಿರ್, ಡೆಕ್ಸಾಮೆಥಾಸೋನ್ ಇವೇ ಆ ಹೆಸರುಗಳು. ಇವುಗಳಲ್ಲಿ ಒಂದೂ ಕೋವಿಡ್‌ಗಾಗಿ ಹುಟ್ಟಿದ ಔಷಧಿಯಲ್ಲ. ಮೊದಲನೆಯದು ಮಲೇರಿಯಾ ಮತ್ತು ಕೀಲುಬೇನೆಯದು, ಎರಡನೆಯದು ಹುಳುಬಾಧೆಯದು, ಮೂರನೆಯದು ಜಪಾನಿನಲ್ಲಿ ಇನ್‌ಫ್ಲುಯೆಂಜಾಕ್ಕಾಗಿ ೨೦೧೪ರಲ್ಲಿ ಅನುಮತಿ ಪಡೆದುದು, ನಾಲ್ಕನೆಯದು ಇತರ ವೈರಾಣುಗಳಿಗಾಗಿ ರೂಪುಗೊಂಡು ಎಬೋಲಾ ರೋಗಿಗಳಲ್ಲಿ ಪರೀಕ್ಷೆಗೊಳಗಾದುದು, ಐದನೆಯದು ೧೯೫೦ರ ದಶಕದ ಕೊನೆಯಲ್ಲಿ ಬಂದ ಸ್ಟಿರಾಯ್ಡ್. ಒಂದು ರೋಗಕ್ಕಾಗಿ ಸಿದ್ಧವಾದ ಔಷಧಿಯನ್ನು ಇನ್ನೊಂದು ರೋಗಕ್ಕೆ ಒಗ್ಗಿಸಿಕೊಳ್ಳುವ ಈ ಕ್ರಮವನ್ನು ಪ್ರಸ್ತುತ ಪ್ರಬಂಧದಲ್ಲಿ ಔಷಧಿಯ ಮರುವಿನಿಯೋಗವೆಂದು ಕರೆಯಲಾಗಿದೆ. ಇಂತಹ ಔಷಧಿಗಳನ್ನು ಹುಡುಕಲು ಜಗತ್ತಿನ ಸಂಶೋಧಕರು ಅಂತರಜಾಲದಲ್ಲಿ ಹಂಚಿಕೊಂಡಿರುವ ದತ್ತಾಂಶಕೋಶಗಳು, ಅಂದರೆ ಡೇಟಾಬೇಸುಗಳು, ಹೇಗೆ ಬೆಳೆದುಬಂದವು, ಅವುಗಳಲ್ಲಿ ಕರ್ನಾಟಕದ ಪಾಲೇನು, ಅವು ಕೊನೆಗೆ ರೋಗಿಗೆ ಏನನ್ನು ಕೊಟ್ಟವು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ. ದತ್ತಾಂಶಕೋಶವು ಸಾಧ್ಯತೆಯನ್ನು ತೋರಿಸಬಲ್ಲದೇ ಹೊರತು ಔಷಧಿಯನ್ನು ಕೊಡಲಾರದು. ಪರೀಕ್ಷೆಯಲ್ಲಿ ಸೋತ ಔಷಧಿಯ ದಾಖಲೆಯೂ ಗೆದ್ದುದರ ದಾಖಲೆಯಷ್ಟೇ ಸುಲಭವಾಗಿ ಕೈಗೆ ಸಿಗದಿದ್ದರೆ ಅದೇ ತಪ್ಪು ಮತ್ತೆ ಮತ್ತೆ ಮರುಕಳಿಸುತ್ತದೆ ಎಂಬುದು ಈ ಪರಿಶೀಲನೆಯಿಂದ ಹೊರಡುವ ಅಭಿಪ್ರಾಯ.

ದತ್ತಾಂಶಕೋಶಗಳಿಗೆ ಮೊದಲು

ಹಳೆಯ ಔಷಧಿಯನ್ನು ವೈರಾಣು ರೋಗಕ್ಕೆ ಬಳಸುವ ಯತ್ನ ಗಣಕಯಂತ್ರಗಳ ಕಾಲಕ್ಕಿಂತ ಹಿಂದಿನದು. ಜರ್ಮನಿಯ ಗೆರ್ಹಾರ್ಟ್ ಡೋಮಾಕ್ ಅವರು ೧೯೪೦ರ ದಶಕದಲ್ಲಿ ಥಯೋಸೆಮಿಕಾರ್ಬಜೋನ್ ಎಂಬ ರಾಸಾಯನಿಕ ವರ್ಗವನ್ನು ಕ್ಷಯರೋಗದ ಚಿಕಿತ್ಸೆಗಾಗಿ ಪರಿಚಯಿಸಿದರು. ೧೯೫೦ರಲ್ಲಿ ಅದೇ ವರ್ಗದ ಒಂದು ಸಂಯುಕ್ತವು ಸಿಡುಬಿನ ಬಂಧುವಾದ ವ್ಯಾಕ್ಸೀನಿಯಾ ವೈರಾಣುವನ್ನು ತಡೆಯುತ್ತದೆಂಬುದು ಪ್ರಯೋಗಾಲಯದಲ್ಲಿ ಕಂಡುಬಂದಿತು. ಅದರ ಮುಂದಿನ ರೂಪವಾದ ಮೆಥಿಸಜೋನನ್ನು ಮದರಾಸಿನಲ್ಲಿ ಸಿಡುಬಿನ ರೋಗಿಗಳ ಸಂಪರ್ಕಕ್ಕೆ ಬಂದವರಿಗೆ ಕೊಟ್ಟು ನೋಡಲಾಯಿತು. ೧೯೬೩ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಔಷಧಿ ಪಡೆದ ೧,೧೦೧ ಜನರಲ್ಲಿ ಮೂವರಿಗೆ ಮಾತ್ರ ಲಘುವಾಗಿ ಸಿಡುಬು ತಗುಲಿತು; ಪಡೆಯದ ೧,೧೨೬ ಜನರಲ್ಲಿ ೭೮ ಮಂದಿಗೆ ರೋಗ ಬಂದು ೧೨ ಮಂದಿ ಮರಣಹೊಂದಿದರು. ಆದರೆ ಅನಂತರದ ಪ್ರಯೋಗಗಳಲ್ಲಿ ಇಷ್ಟು ದೊಡ್ಡ ಪರಿಣಾಮ ಕಾಣಲಿಲ್ಲ. ಸಿಡುಬನ್ನು ನಿರ್ಮೂಲ ಮಾಡಿದ್ದು ಔಷಧಿಯಲ್ಲ, ಲಸಿಕೆ. ದಕ್ಷಿಣ ಭಾರತದ ನೆಲದಲ್ಲೇ ನಡೆದ ಈ ಪ್ರಯೋಗವು ಎರಡು ಸಂಗತಿಗಳನ್ನು ಮುಂದಿಡುತ್ತದೆ. ಹಳೆಯ ಔಷಧಿಯಲ್ಲಿ ಹೊಸ ಗುಣವಿರಬಹುದು ಎಂಬುದು ಒಂದು. ಮೊದಲ ಪ್ರಯೋಗದ ಫಲವನ್ನು ಎರಡನೆಯ ಪ್ರಯೋಗದಿಂದ ಒರೆಗೆ ಹಚ್ಚದೆ ನಂಬಬಾರದು ಎಂಬುದು ಇನ್ನೊಂದು.

ಎರಡನೆಯ ನಿದರ್ಶನ ಗಡಿಭಾಗದ ಜನಜೀವನಕ್ಕೆ ಇನ್ನೂ ಹತ್ತಿರವಾದುದು. ಅಮೆರಿಕದ ಜೆರೋಮ್ ಹಾರ್‌ವಿಟ್ಜ್ ಅವರು ೧೯೬೪ರಲ್ಲಿ ಕ್ಯಾನ್ಸರಿಗಾಗಿ ತಯಾರಿಸಿದ ಜಿಡೋವುಡಿನ್ ಎಂಬ ಸಂಯುಕ್ತವು ಆ ರೋಗಕ್ಕೆ ಉಪಯೋಗಕ್ಕೆ ಬಾರದೆ ಮೂಲೆಗೆ ಬಿದ್ದಿತ್ತು. ಏಡ್ಸ್ ವೈರಾಣುವಿಗೆ ಔಷಧಿ ಹುಡುಕುತ್ತಿದ್ದ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗೆ ಒಂದು ಔಷಧ ಕಂಪನಿಯು ಇದನ್ನೂ ಇತರ ಸಂಯುಕ್ತಗಳನ್ನೂ ಪರೀಕ್ಷೆಗಾಗಿ ಕಳುಹಿಸಿತು. ೧೯೮೫ರಲ್ಲಿ ಇದರ ಗುಣ ತಿಳಿಯಿತು. ೧೯೮೭ರ ಮಾರ್ಚಿನಲ್ಲಿ ಅನುಮತಿ ದೊರೆಯಿತು. ಭಾರತ ಸರ್ಕಾರವು ೨೦೦೪ರ ಏಪ್ರಿಲ್ ೧ರಿಂದ ಉಚಿತ ಏಡ್ಸ್ ಚಿಕಿತ್ಸೆಯನ್ನು ಆರಂಭಿಸಿದಾಗ ಜಿಡೋವುಡಿನ್ ಅದರ ಮುಖ್ಯ ಔಷಧಿಗಳಲ್ಲಿ ಒಂದಾಗಿತ್ತು. ಎಚ್‌ಐವಿ ಸೋಂಕು ಹೆಚ್ಚಾಗಿದ್ದ ಉತ್ತರ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೆ ಈ ಚಿಕಿತ್ಸೆಯಿಂದಾದ ಉಪಕಾರ ದೊಡ್ಡದು. ೧೯೬೪ರಿಂದ ೧೯೮೫ರವರೆಗೆ ಆ ಸಂಯುಕ್ತದ ವಿವರ ಜಗತ್ತಿನ ಗ್ರಂಥಾಲಯಗಳಲ್ಲಿ ಇದ್ದೇ ಇತ್ತು. ಆದರೆ ಯಾವ ಸಂಯುಕ್ತವನ್ನು ಯಾರು ಎಲ್ಲಿ ಮಾಡಿದ್ದಾರೆ, ಅದು ದೇಹದ ಯಾವ ಕ್ರಿಯೆಯನ್ನು ತಡೆಯುತ್ತದೆ ಎಂಬುದನ್ನು ಒಂದೆಡೆ ಕಲೆಹಾಕಿ ಹುಡುಕುವ ಸಾಧನವಿರಲಿಲ್ಲ. ಹುಡುಕಾಟವು ಪರಿಚಯ, ಪತ್ರವ್ಯವಹಾರ ಮತ್ತು ಕಂಪನಿಗಳ ಒಪ್ಪಿಗೆಯ ಮೇಲೆ ನಿಂತಿತ್ತು.

ದತ್ತಾಂಶಕೋಶಗಳ ಉಗಮ

ಈ ಕೊರತೆಯನ್ನು ತುಂಬಿದ ಕೋಶಗಳು ಒಂದೊಂದಾಗಿ ಹುಟ್ಟಿದವು. ಅವುಗಳಲ್ಲಿ ಹಿರಿಯದು ೧೯೭೧ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಆರಂಭವಾದ ಪ್ರೊಟೀನ್ ಡೇಟಾ ಬ್ಯಾಂಕ್. ಪ್ರೊಟೀನುಗಳ ಮೂರು ಆಯಾಮದ ರಚನೆಯನ್ನು ಇಲ್ಲಿ ಸಂಗ್ರಹಿಸಲಾಗುತ್ತದೆ. ಆರಂಭದಲ್ಲಿ ಇದ್ದುದು ಏಳೇ ರಚನೆಗಳು. ಔಷಧಿಯು ಬೀಗಕ್ಕೆ ಹೊಂದುವ ಕೀಲಿಯಂತೆ ಪ್ರೊಟೀನಿಗೆ ಹೊಂದಬೇಕಾದುದರಿಂದ ಬೀಗದ ಆಕಾರ ತಿಳಿಯುವುದು ಮೊದಲ ಹೆಜ್ಜೆ. ೨೦೦೪ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಪಬ್‌ಕೆಮ್ ಎಂಬ ಕೋಶವನ್ನು ತೆರೆದು ರಾಸಾಯನಿಕ ಸಂಯುಕ್ತಗಳ ರಚನೆಯನ್ನೂ ಅವುಗಳ ಮೇಲೆ ನಡೆದ ಪರೀಕ್ಷೆಗಳ ಫಲವನ್ನೂ ಯಾರು ಬೇಕಾದರೂ ನೋಡುವಂತೆ ಮಾಡಿದವು. ೨೦೦೬ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಿಂದ ಡ್ರಗ್‌ಬ್ಯಾಂಕ್ ಬಂದಿತು. ಪ್ರತಿಯೊಂದು ಔಷಧಿಗೂ ಅದು ತಾಗುವ ಪ್ರೊಟೀನಿಗೂ ಇರುವ ಸಂಬಂಧ ಅಲ್ಲಿ ಒಂದೇ ಪುಟದಲ್ಲಿ ಸಿಗುವಂತಾಯಿತು. ಒಂದು ಖಾಸಗಿ ಕಂಪನಿಯ ಕೈಯಲ್ಲಿದ್ದ ಔಷಧ ಮಾಹಿತಿಯನ್ನು ವೆಲ್‌ಕಮ್ ಟ್ರಸ್ಟಿನ ನೆರವಿನಿಂದ ಸಾರ್ವಜನಿಕ ಸ್ವತ್ತಾಗಿ ಮಾಡಿ, ಯುರೋಪಿನ ಜೈವಿಕ ಮಾಹಿತಿ ಸಂಸ್ಥೆಯು ೨೦೦೯ರಲ್ಲಿ ಕೆಂಬ್ಲ್ ಎಂಬ ಕೋಶವನ್ನು ಹೊರತಂದಿತು.

ಈ ಬೆಳವಣಿಗೆಯಲ್ಲಿ ಕರ್ನಾಟಕದ ಪಾಲು ಗಮನಾರ್ಹವಾದುದು. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ೨೦೦೨ರಲ್ಲಿ ಆರಂಭವಾದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಸಂಸ್ಥೆಯು ಅಖಿಲೇಶ್ ಪಾಂಡೆ ಅವರ ನೇತೃತ್ವದಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಹಯೋಗದೊಂದಿಗೆ, ಹ್ಯೂಮನ್ ಪ್ರೊಟೀನ್ ರೆಫರೆನ್ಸ್ ಡೇಟಾಬೇಸನ್ನು ರೂಪಿಸಿತು. ೨೦೦೩ರಲ್ಲಿ ಪ್ರಕಟವಾದ ಇದರ ಮೊದಲ ವಿವರಣೆಯಲ್ಲಿ ೨,೭೫೦ ಮಾನವ ಪ್ರೊಟೀನುಗಳು ಸೇರಿದ್ದವು. ಯಾವ ಪ್ರೊಟೀನು ಯಾವುದರೊಡನೆ ಕೂಡಿಕೊಳ್ಳುತ್ತದೆ, ಯಾವ ಅಂಗಾಂಶದಲ್ಲಿ ಇರುತ್ತದೆ, ಯಾವ ರೋಗಕ್ಕೆ ಸಂಬಂಧಿಸಿದೆ ಎಂಬುದನ್ನು ಯಂತ್ರದಿಂದಲ್ಲದೆ ಜೀವವಿಜ್ಞಾನಿಗಳೇ ಮೂರು ಲಕ್ಷಕ್ಕೂ ಹೆಚ್ಚು ಲೇಖನಗಳನ್ನು ಓದಿ ದಾಖಲಿಸಿದ್ದರು. ನಮ್ಮ ಹಸ್ತಪ್ರತಿ ಭಂಡಾರಗಳ ಸೂಚಿಕಾರರು ಓಲೆಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿ ಸೂಚಿಯನ್ನು ಸಿದ್ಧಪಡಿಸಿದ ಶ್ರಮಕ್ಕೆ ಇದನ್ನು ಹೋಲಿಸಬಹುದು. ವೈರಾಣುವು ತಾನೊಂದೇ ಬದುಕಲಾರದೆ ಮಾನವ ಪ್ರೊಟೀನುಗಳನ್ನು ಹಿಡಿದೇ ಬೆಳೆಯುವುದರಿಂದ ಇಂತಹ ಸೂಚಿಯು ಔಷಧಿಯ ಹುಡುಕಾಟಕ್ಕೆ ತಳಹದಿಯಾಯಿತು.

ಭಾರತದಲ್ಲಿ ನಡೆದ ಇನ್ನೆರಡು ಯತ್ನಗಳನ್ನು ಇಲ್ಲಿ ನೆನೆಯಬೇಕು. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ೨೦೦೮ರ ಸೆಪ್ಟೆಂಬರಿನಲ್ಲಿ ಮುಕ್ತ ಔಷಧ ಸಂಶೋಧನೆಯ ಯೋಜನೆಯನ್ನು ಆರಂಭಿಸಿತು. ಇದರ ಗುರಿ ಕ್ಷಯರೋಗ. ನೂರಾರು ವಿದ್ಯಾರ್ಥಿಗಳು ಅಂತರಜಾಲದ ಮೂಲಕ ಕೂಡಿ ಕ್ಷಯಾಣುವಿನ ಸುಮಾರು ನಾಲ್ಕು ಸಾವಿರ ವಂಶವಾಹಿಗಳ ಮಾಹಿತಿಯನ್ನು ಮರಳಿ ಜೋಡಿಸಿದರು. ವೈರಾಣುವಿಗೆ ನೇರವಾಗಿ ಸಂಬಂಧಿಸದಿದ್ದರೂ, ಲಾಭ ತರದ ರೋಗಗಳಿಗೆ ಔಷಧಿಯನ್ನು ಒಟ್ಟಾಗಿ ಹುಡುಕಬಹುದೆಂಬ ವಿಚಾರವನ್ನು ಇದು ನೆಲೆಗೊಳಿಸಿತು. ಎರಡನೆಯದಾಗಿ, ಚೆನ್ನೈನ ಗಣಿತ ವಿಜ್ಞಾನಗಳ ಸಂಸ್ಥೆಯು ೨೦೧೮ರಲ್ಲಿ ಇಂಪ್ಯಾಟ್ ಎಂಬ ಕೋಶವನ್ನು ಪ್ರಕಟಿಸಿತು. ಭಾರತದ ೧,೭೪೨ ಔಷಧೀಯ ಸಸ್ಯಗಳಲ್ಲಿರುವ ೯,೫೯೬ ರಾಸಾಯನಿಕಗಳನ್ನು ಅದರ ಮೊದಲ ಆವೃತ್ತಿ ಒಳಗೊಂಡಿತ್ತು. ಪಶ್ಚಿಮ ಘಟ್ಟದ ಹಲವು ಮೂಲಿಕೆಗಳಿಗೂ ಹೊಲದಲ್ಲಿ ಬೆಳೆಯುವ ಅರಿಸಿನಕ್ಕೂ ಅದರಲ್ಲಿ ಸ್ಥಾನ ದೊರೆಯಿತು.

ಇದೇ ಅವಧಿಯಲ್ಲಿ ಇನ್ನೊಂದು ಬಗೆಯ ದಾಖಲೆಯೂ ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ೨೦೦೭ರ ಜುಲೈ ೨೦ರಂದು ಚಿಕಿತ್ಸಾ ಪ್ರಯೋಗಗಳ ನೋಂದಣಿ ಪುಸ್ತಕವನ್ನು ಅಂತರಜಾಲದಲ್ಲಿ ತೆರೆಯಿತು. ೨೦೦೯ರ ಜೂನ್ ೧೫ರಿಂದ ಈ ನೋಂದಣಿ ಕಡ್ಡಾಯವಾಯಿತು. ಯಾವ ಔಷಧಿಯನ್ನು ಯಾವ ಊರಿನ ಯಾವ ಆಸ್ಪತ್ರೆಯಲ್ಲಿ ಪರೀಕ್ಷಿಸಲಾಗುತ್ತಿದೆ ಎಂಬುದನ್ನು ಇದರಲ್ಲಿ ನೋಡಬಹುದು. ಆದರೆ ಪ್ರಯೋಗ ಆರಂಭವಾದುದನ್ನು ದಾಖಲಿಸುವಷ್ಟು ಕಟ್ಟುನಿಟ್ಟಾಗಿ ಅದರ ಕೊನೆಯನ್ನು ದಾಖಲಿಸುವ ಪದ್ಧತಿ ಬೆಳೆಯಲಿಲ್ಲ. ಈ ಅಂತರದ ಪರಿಣಾಮ ಮುಂದೆ ಸ್ಪಷ್ಟವಾಗುತ್ತದೆ.

ಚಿಕುನ್‌ಗುನ್ಯಾ ಕಲಿಸಿದ ಪಾಠ

೨೦೦೬ರಲ್ಲಿ ಚಿಕುನ್‌ಗುನ್ಯಾ ಭಾರತದಲ್ಲಿ ದೊಡ್ಡ ಪಿಡುಗಾಗಿ ಹಬ್ಬಿತು. ದೇಶದ ಸುಮಾರು ೧೩.೯ ಲಕ್ಷ ಶಂಕಿತ ಪ್ರಕರಣಗಳಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಕರ್ನಾಟಕವೊಂದರಲ್ಲೇ ವರದಿಯಾದವು. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಊರಿಗೆ ಊರೇ ಕೀಲುನೋವಿನಿಂದ ಮಲಗಿದ ಆ ವರ್ಷವನ್ನು ಜನ ಇಂದಿಗೂ ಮರೆತಿಲ್ಲ. ಆಗ ಮುಂದೆ ಬಂದ ಹಳೆಯ ಔಷಧಿ ಕ್ಲೋರೋಕ್ವಿನ್. ಪ್ರಯೋಗಾಲಯದ ಜೀವಕೋಶಗಳಲ್ಲಿ ಅದು ವೈರಾಣುವನ್ನು ತಡೆಯುತ್ತಿತ್ತು. ಕೀಲುಬೇನೆಗೂ ಅದನ್ನು ಬಳಸುವ ರೂಢಿಯಿತ್ತು. ಆದರೆ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಫ್ರೆಂಚ್ ವೈದ್ಯರು ನಡೆಸಿ ೨೦೦೮ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅದರಿಂದ ಯಾವ ಪ್ರಯೋಜನವೂ ಕಾಣಲಿಲ್ಲ. ೨೦೦೬ರ ಪಿಡುಗಿನ ರೋಗಿಗಳ ಮೇಲೆ ಪುಣೆಯ ತಜ್ಞರು ನಡೆಸಿ ೨೦೧೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಸಾಮಾನ್ಯ ನೋವು ನಿವಾರಕವಾದ ಮೆಲಾಕ್ಸಿಕ್ಯಾಮ್‌ಗಿಂತ ಕ್ಲೋರೋಕ್ವಿನ್ ಮೇಲಾಗಿ ಕಂಡುಬರಲಿಲ್ಲ. ೨೦೧೮ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಈ ಔಷಧಿ ಕೊಟ್ಟ ಮಂಗಗಳಲ್ಲಿ ಸೋಂಕು ಮತ್ತಷ್ಟು ಉಲ್ಬಣಿಸಿದುದನ್ನು ತೋರಿಸಿತು.

ಜೀವಕೋಶಗಳಲ್ಲಿ ಗೆದ್ದು ರೋಗಿಯಲ್ಲಿ ಸೋತ ಔಷಧಿಯೊಂದರ ಪೂರ್ಣ ಚರಿತ್ರೆ ಹೀಗೆ ೨೦೧೮ರ ವೇಳೆಗೆ ಸಿದ್ಧವಾಗಿತ್ತು. ಆದರೆ ಅದು ಬೇರೆ ಬೇರೆ ದೇಶಗಳ ಬೇರೆ ಬೇರೆ ಪತ್ರಿಕೆಗಳಲ್ಲಿ ಚದುರಿ ಹೋಗಿತ್ತು. ಔಷಧಿಯ ಹೆಸರನ್ನು ಕೋಶದಲ್ಲಿ ಹುಡುಕಿದವರಿಗೆ ಮೊದಲು ಸಿಗುತ್ತಿದ್ದುದು ಅದು ಯಾವ ಯಾವ ವೈರಾಣುಗಳನ್ನು ತಡೆಯುತ್ತದೆಂಬ ಪಟ್ಟಿ. ಅದು ಯಾವ ರೋಗಿಗಳಲ್ಲಿ ಸೋತಿತೆಂಬುದನ್ನು ತಿಳಿಯಲು ಬೇರೆ ಕಡೆಗೆ ಹೋಗಬೇಕಾಗಿತ್ತು.

೨೦೨೦: ಕೋಶಗಳ ಪರೀಕ್ಷಾಕಾಲ

ಹೊಸ ಕೊರೋನಾ ವೈರಾಣುವಿನ ವಂಶವಾಹಿ ಲಿಪಿಯನ್ನು ಚೀನಾದ ಝಾಂಗ್ ಯೋಂಗ್‌ಝೆನ್ ಮತ್ತು ಆಸ್ಟ್ರೇಲಿಯಾದ ಎಡ್ವರ್ಡ್ ಹೋಮ್ಸ್ ೨೦೨೦ರ ಜನವರಿ ಎರಡನೆಯ ವಾರದಲ್ಲಿ ಅಂತರಜಾಲದಲ್ಲಿ ಪ್ರಕಟಿಸಿದರು. ಫೆಬ್ರವರಿಯ ಮೊದಲ ವಾರದ ವೇಳೆಗೆ ಆ ವೈರಾಣುವಿನ ಒಂದು ಮುಖ್ಯ ಕಿಣ್ವದ ರಚನೆ ಪ್ರೊಟೀನ್ ಡೇಟಾ ಬ್ಯಾಂಕಿನಲ್ಲಿ ದೊರೆಯಿತು. ಜಿಡೋವುಡಿನ್‌ಗೆ ಇಪ್ಪತ್ತೊಂದು ವರ್ಷ ಬೇಕಾದ ಕೆಲಸದ ಮೊದಲ ಹಂತ ಇಲ್ಲಿ ನಾಲ್ಕು ವಾರದೊಳಗೆ ಮುಗಿಯಿತು. ಏಪ್ರಿಲ್ ೩೦ರಂದು ಅಮೆರಿಕದ ಸಂಶೋಧಕರ ತಂಡವೊಂದು ವೈರಾಣುವಿನ ಪ್ರೊಟೀನುಗಳಿಗೂ ಮಾನವ ಪ್ರೊಟೀನುಗಳಿಗೂ ನಡುವೆ ಇರುವ ೩೩೨ ಸಂಬಂಧಗಳನ್ನು ಪ್ರಕಟಿಸಿ, ಅವುಗಳನ್ನು ತಾಗಬಲ್ಲ ೬೯ ಸಂಯುಕ್ತಗಳ ಪಟ್ಟಿಯನ್ನು ಕೊಟ್ಟಿತು. ಅವುಗಳಲ್ಲಿ ೨೯ ಆಗಲೇ ಅನುಮತಿ ಪಡೆದ ಔಷಧಿಗಳಾಗಿದ್ದವು. ಅದೇ ವರ್ಷ ಯುರೋಪಿನ ಸಂಶೋಧಕರು ಡ್ರಗ್‌ವೈರಸ್ ಎಂಬ ಕೋಶವನ್ನು ತೆರೆದು, ಹಲವು ವೈರಾಣುಗಳ ಮೇಲೆ ಕೆಲಸ ಮಾಡಬಲ್ಲ ಔಷಧಿಗಳನ್ನು ಒಂದೇ ಪಟದಲ್ಲಿ ತೋರಿಸಿದರು. ಒಂದು ಔಷಧಿಯು ಒಂದು ವೈರಾಣುವಿನ ಮೇಲೆ ಜೀವಕೋಶದ ಹಂತದಲ್ಲಿದೆಯೇ, ಪ್ರಾಣಿಯ ಹಂತದಲ್ಲಿದೆಯೇ, ಮನುಷ್ಯರ ಮೇಲಿನ ಪ್ರಯೋಗದಲ್ಲಿದೆಯೇ ಎಂಬುದನ್ನು ಬೇರೆ ಬೇರೆಯಾಗಿ ಗುರುತಿಸಿದ್ದು ಇದರ ವಿಶೇಷ.

ಬೆಳಗಾವಿ ಜಿಲ್ಲೆಯೂ ಈ ಕಾಲದ ಚರಿತ್ರೆಯಿಂದ ಹೊರಗುಳಿಯಲಿಲ್ಲ. ಹಾರೂಗೇರಿಗೆ ಸಮೀಪದ ಕುಡಚಿಯು ೨೦೨೦ರ ಏಪ್ರಿಲಿನಲ್ಲಿಯೇ ಸೋಂಕಿನ ಪ್ರಕರಣಗಳಿಂದಾಗಿ ನಿರ್ಬಂಧಿತ ವಲಯವಾಯಿತು. ಬೆಳಗಾವಿಯಲ್ಲಿರುವ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ರಾಷ್ಟ್ರೀಯ ಸಾಂಪ್ರದಾಯಿಕ ಔಷಧ ಸಂಸ್ಥೆಯು ಜಿಲ್ಲೆಯ ಮಾದರಿಗಳನ್ನು ಪರೀಕ್ಷಿಸುವ ಕೇಂದ್ರವಾಯಿತು. ಇದೇ ಸಂಸ್ಥೆಯ ಮತ್ತು ಬೆಳಗಾವಿಯ ಕೆಎಲ್‌ಇ ಫಾರ್ಮಸಿ ಕಾಲೇಜಿನ ಸಂಶೋಧಕರು ೨೦೨೦ರಲ್ಲಿ ಗಣಕಾಧಾರಿತ ಅಧ್ಯಯನಗಳನ್ನೂ ಪ್ರಕಟಿಸಿದರು. ಆಯುಷ್ ಸಚಿವಾಲಯವು ಸೂಚಿಸಿದ ಮೂಲಿಕೆಗಳಲ್ಲಿನ ರಾಸಾಯನಿಕಗಳನ್ನು ಮುಕ್ತ ಕೋಶಗಳಿಂದ ಆಯ್ದು, ಅವು ಮಾನವ ದೇಹದ ಯಾವ ಪ್ರೊಟೀನುಗಳ ಮೇಲೆ ಪರಿಣಾಮ ಬೀರಬಹುದು, ಆ ಪ್ರೊಟೀನುಗಳು ಯಾವ ಕ್ರಿಯಾಮಾರ್ಗದಲ್ಲಿವೆ ಎಂಬುದನ್ನು ಸ್ಟ್ರಿಂಗ್ ಮತ್ತು ಕೆಗ್ ಎಂಬ ಕೋಶಗಳ ನೆರವಿನಿಂದ ಪರಿಶೀಲಿಸಿದುದು ಅವುಗಳಲ್ಲೊಂದು. ಸಂಚಾರ ನಿಂತುಹೋದ ದಿನಗಳಲ್ಲಿ ಜಿಲ್ಲಾ ಕೇಂದ್ರವೊಂದರ ಕಾಲೇಜು ಜಗತ್ತಿನ ಪ್ರಶ್ನೆಯೊಂದರಲ್ಲಿ ಪಾಲ್ಗೊಂಡುದು ಮುಕ್ತ ಕೋಶಗಳಿಂದ ಮಾತ್ರ ಸಾಧ್ಯವಾಯಿತು. ಆದರೆ ಇಂತಹ ಅಧ್ಯಯನದ ಫಲ ಊಹೆಯೇ ಹೊರತು ಚಿಕಿತ್ಸೆಯಲ್ಲ.

ಇದಕ್ಕೆ ರಾಯಬಾಗದ ಹೊಲಗಳ ಬೆಳೆಯಿಂದಲೇ ನಿದರ್ಶನ ಕೊಡಬಹುದು. ಅರಿಸಿನದಲ್ಲಿರುವ ಕರ್ಕ್ಯುಮಿನ್ ಗಣಕಾಧಾರಿತ ಪರಿಶೀಲನೆಗಳಲ್ಲಿ ಅನೇಕ ವೈರಾಣು ಪ್ರೊಟೀನುಗಳಿಗೆ ಚೆನ್ನಾಗಿ ಹೊಂದುವ ಸಂಯುಕ್ತವೆಂದು ಮೇಲಿನ ಸಾಲಿನಲ್ಲಿ ಬರುತ್ತದೆ. ಆದರೆ ೨೦೧೭ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿಗಳು ಪ್ರಕಟಿಸಿದ ವಿಮರ್ಶೆಯು, ಈ ಸಂಯುಕ್ತವು ಬೇಗನೆ ಒಡೆದುಹೋಗುವುದನ್ನೂ ರಕ್ತಕ್ಕೆ ಬಹಳ ಕಡಿಮೆ ಸೇರುವುದನ್ನೂ ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಸುಳ್ಳು ಫಲವನ್ನು ಕೊಡುವುದನ್ನೂ ವಿವರಿಸಿತು. ಅದುವರೆಗೆ ನಡೆದಿದ್ದ ೧೨೦ಕ್ಕೂ ಹೆಚ್ಚು ಚಿಕಿತ್ಸಾ ಪ್ರಯೋಗಗಳ ನಡುವೆಯೂ ಕಟ್ಟುನಿಟ್ಟಿನ ಪ್ರಯೋಗವೊಂದೂ ಯಶಸ್ವಿಯಾಗಿಲ್ಲವೆಂದು ಆ ವಿಮರ್ಶೆ ಹೇಳಿತು. ಅಡುಗೆಮನೆಯಲ್ಲಿ ಅರಿಸಿನಕ್ಕಿರುವ ಗೌರವಕ್ಕೆ ಇದರಿಂದ ಕುಂದಿಲ್ಲ. ಆದರೆ ಕೋಶದಲ್ಲಿ ಸಿಕ್ಕ ಅಂಕವನ್ನೇ ಔಷಧಿಯ ಗುಣವೆಂದು ತಿಳಿಯುವವರಿಗೆ ಇದು ಎಚ್ಚರಿಕೆ.

ಪ್ರಯೋಗಗಳ ತೀರ್ಪು

೨೦೨೦ರ ಮಾರ್ಚ್ ೨೨ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಕಾರ್ಯಪಡೆಯು ಆರೋಗ್ಯ ಕಾರ್ಯಕರ್ತರಿಗೂ ರೋಗಿಗಳ ಮನೆಯವರಿಗೂ ಮುನ್ನೆಚ್ಚರಿಕೆಯಾಗಿ ಹೈಡ್ರಾಕ್ಸಿಕ್ಲೋರೋಕ್ವಿನ್ ಸೇವಿಸಲು ಸೂಚಿಸಿತು. ಬ್ರಿಟನ್ನಿನ ರಿಕವರಿ ಎಂಬ ಬೃಹತ್ ಪ್ರಯೋಗವು ಅದೇ ವರ್ಷದ ಜೂನ್ ೫ರಂದು, ಆಸ್ಪತ್ರೆಗೆ ದಾಖಲಾದ ರೋಗಿಗಳಿಗೆ ಈ ಔಷಧಿಯಿಂದ ಪ್ರಯೋಜನವಿಲ್ಲವೆಂದು ಪ್ರ­ಕಟಿಸಿತು. ಔಷಧಿ ಪಡೆದವರಲ್ಲಿ ೨೮ ದಿನಗಳೊಳಗೆ ಶೇಕಡ ೨೭.೦, ಪಡೆಯದವರಲ್ಲಿ ಶೇಕಡ ೨೫.೦ ಮಂದಿ ಮರಣಹೊಂದಿದ್ದರು. ಜೂನ್ ೧೬ರಂದು ಅದೇ ಪ್ರಯೋಗವು ಡೆಕ್ಸಾಮೆಥಾಸೋನ್ ಜೀವ ಉಳಿಸುತ್ತದೆಂದು ತಿಳಿಸಿತು. ಕೃತಕ ಉಸಿರಾಟದಲ್ಲಿದ್ದವರಲ್ಲಿ ಮರಣವು ಶೇಕಡ ೪೧.೪ರಿಂದ ೨೯.೩ಕ್ಕೂ, ಆಮ್ಲಜನಕ ಪಡೆಯುತ್ತಿದ್ದವರಲ್ಲಿ ೨೬.೨ರಿಂದ ೨೩.೩ಕ್ಕೂ ಇಳಿಯಿತು. ಆಮ್ಲಜನಕದ ಅಗತ್ಯವಿಲ್ಲದವರಿಗೆ ಅದರಿಂದ ಲಾಭ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೩೦ ದೇಶಗಳ ೪೦೫ ಆಸ್ಪತ್ರೆಗಳಲ್ಲಿ ನಡೆಸಿದ ಸಾಲಿಡಾರಿಟಿ ಪ್ರಯೋಗದಲ್ಲಿ ಭಾರತವೂ ಭಾಗವಹಿಸಿತ್ತು. ೨೦೨೦ರ ಅಕ್ಟೋಬರಿನಲ್ಲಿ ಬಂದ ಅದರ ಮಧ್ಯಂತರ ವರದಿಯಂತೆ ರೆಮ್‌ಡೆಸಿವಿರ್, ಹೈಡ್ರಾಕ್ಸಿಕ್ಲೋರೋಕ್ವಿನ್, ಲೋಪಿನಾವಿರ್ ಮತ್ತು ಇಂಟರ್‌ಫೆರಾನ್‌ಗಳ ಪರಿಣಾಮ ಅತ್ಯಲ್ಪ ಅಥವಾ ಶೂನ್ಯ. ೨೦೨೨ರ ಅಂತಿಮ ವರದಿಯಲ್ಲಿ ಕೃತಕ ಉಸಿರಾಟಕ್ಕೆ ಹೋಗದ ರೋಗಿಗಳಿಗೆ ರೆಮ್‌ಡೆಸಿವಿರ್‌ನಿಂದ ಸಣ್ಣ ಲಾಭವಿರುವುದು ಕಂಡಿತು.

ಇಲ್ಲಿ ವಿಚಾರಿಸಬೇಕಾದ ಸಂಗತಿಯೊಂದಿದೆ. ಅತ್ಯಂತ ಹೆಚ್ಚು ಜೀವಗಳನ್ನು ಉಳಿಸಿದ ಅಗ್ಗದ ಔಷಧಿಯಾದ ಡೆಕ್ಸಾಮೆಥಾಸೋನ್ ವೈರಾಣು ಪ್ರೊಟೀನುಗಳ ಕೋಶದಿಂದ ಸಿಕ್ಕಿದುದಲ್ಲ. ಅದು ವೈರಾಣುವನ್ನು ತಡೆಯುವುದೇ ಇಲ್ಲ. ದೇಹದ ಅತಿಯಾದ ಉರಿಯೂತವನ್ನು ತಗ್ಗಿಸುತ್ತದೆ. ಬೀಗಕ್ಕೆ ಕೀಲಿ ಹುಡುಕುವ ಕೋಶಕ್ಕೆ ಇಂತಹ ಔಷಧಿ ಕಾಣುವುದಿಲ್ಲ. ಇದಕ್ಕೆ ವ್ಯತಿರಿಕ್ತವಾದ ನಿದರ್ಶನವೂ ಇದೆ. ಕೀಲುಬೇನೆಯ ಔಷಧಿಯಾದ ಬ್ಯಾರಿಸಿಟಿನಿಬ್ಬನ್ನು ಲಂಡನ್ನಿನ ಸಂಸ್ಥೆಯೊಂದು ಪ್ರಕಟಿತ ಮಾಹಿತಿಯನ್ನೆಲ್ಲ ಗಣಕದಲ್ಲಿ ಹೆಣೆದು ೨೦೨೦ರ ಫೆಬ್ರವರಿಯಲ್ಲಿಯೇ ಸೂಚಿಸಿತು. ಅನಂತರದ ಪ್ರಯೋಗಗಳು ಅದನ್ನು ಸಮರ್ಥಿಸಿದವು. ೨೦೨೨ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತೀವ್ರ ರೋಗಿಗಳಿಗೆ ಅದನ್ನು ಶಿಫಾರಸು ಮಾಡಿತು. ಆದುದರಿಂದ ಕೋಶಗಳು ನಿರರ್ಥಕವೆಂದು ಹೇಳಲಾಗದು. ಅವು ಸೂಚಿಸಿದ ನೂರಾರು ಹೆಸರುಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ನಿಂತವು. ಯಾವುದು ನಿಲ್ಲುವುದೆಂದು ಹೇಳಿದ್ದು ಕೋಶವಲ್ಲ, ಪ್ರಯೋಗ. ೨೦೨೧ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವು ಇದರ ಕಾರಣವನ್ನು ಭಾಗಶಃ ಬಿಡಿಸಿಟ್ಟಿತು. ಜೀವಕೋಶದಲ್ಲಿ ವೈರಾಣುವನ್ನು ತಡೆದಂತೆ ತೋರಿದ ಅನೇಕ ಹಳೆಯ ಔಷಧಿಗಳು ವಾಸ್ತವವಾಗಿ ಜೀವಕೋಶದೊಳಗಿನ ಕೊಬ್ಬಿನ ವ್ಯವಸ್ಥೆಯನ್ನು ಕೆಡಿಸುತ್ತಿದ್ದವು. ವೈರಾಣು ಕುಗ್ಗಿದಂತೆ ಕಂಡದ್ದು ಅದರ ಅಡ್ಡಪರಿಣಾಮವಾಗಿತ್ತು.

ಗಡಿಭಾಗದ ಅನುಭವ

ಐವರ್‌ಮೆಕ್ಟಿನ್ ಕುರಿತ ಮೊದಲ ವರದಿ ೨೦೨೦ರ ಏಪ್ರಿಲಿನಲ್ಲಿ ಆಸ್ಟ್ರೇಲಿಯಾದಿಂದ ಬಂದಿತು. ಅದು ಜೀವಕೋಶಗಳ ಮೇಲಿನ ಪ್ರಯೋಗ. ಅಲ್ಲಿ ಬಳಸಿದ ಸಾಂದ್ರತೆ ರೂಢಿಯ ಮಾತ್ರೆಯಿಂದ ರಕ್ತದಲ್ಲಿ ಸಿಗುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚಿನದು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರ ಮಾರ್ಚ್ ೩೧ರಂದು ಪ್ರಯೋಗಗಳ ಹೊರಗೆ ಇದನ್ನು ಬಳಸಬಾರದೆಂದು ಸಲಹೆ ನೀಡಿತು. ಆದರೂ ಬೆಳಗಾವಿಗೆ ಹೊಂದಿಕೊಂಡಿರುವ ಗೋವಾದ ಸರ್ಕಾರವು ಅದೇ ಮೇ ತಿಂಗಳಲ್ಲಿ ೧೮ ವರ್ಷ ಮೀರಿದ ಎಲ್ಲರಿಗೂ ಈ ಮಾತ್ರೆಯನ್ನು ಕೊಡುವುದಾಗಿ ಪ್ರಕಟಿಸಿತು. ಭಾರತದ ಚಿಕಿತ್ಸಾ ಮಾರ್ಗಸೂಚಿಯಿಂದ ಐವರ್‌ಮೆಕ್ಟಿನ್ ಮತ್ತು ಹೈಡ್ರಾಕ್ಸಿಕ್ಲೋರೋಕ್ವಿನ್ ಹೊರಬಿದ್ದದ್ದು ೨೦೨೧ರ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಎರಡನೆಯ ಅಲೆ ಕಳೆದುಹೋಗಿತ್ತು. ಬ್ರೆಜಿಲ್‌ನಲ್ಲಿ ೧,೩೫೮ ರೋಗಿಗಳ ಮೇಲೆ ನಡೆದು ೨೦೨೨ರ ಮಾರ್ಚಿನಲ್ಲಿ ಪ್ರಕಟವಾದ ಪ್ರಯೋಗವು ಐವರ್‌ಮೆಕ್ಟಿನ್‌ನಿಂದ ಪ್ರಯೋಜನವಿಲ್ಲವೆಂಬುದನ್ನು ಖಚಿತಪಡಿಸಿತು.

ರೆಮ್‌ಡೆಸಿವಿರ್‌ನ ಕಥೆ ಇನ್ನೂ ನೋವಿನದು. ೨೦೨೧ರ ಏಪ್ರಿಲಿನಲ್ಲಿ ಬೇಡಿಕೆ ಎಷ್ಟು ಏರಿತೆಂದರೆ ಕೇಂದ್ರ ಸರ್ಕಾರ ಏಪ್ರಿಲ್ ೧೧ರಂದು ಅದರ ರಫ್ತನ್ನೇ ನಿಷೇಧಿಸಿತು. ಮರಣವನ್ನು ತಡೆಯುವ ಗುಣ ಅತ್ಯಲ್ಪವೆಂದು ಆರು ತಿಂಗಳ ಹಿಂದೆಯೇ ವರದಿಯಾಗಿದ್ದ ಔಷಧಿಗಾಗಿ ರೋಗಿಗಳ ಮನೆಯವರು ಚೀಟಿ ಹಿಡಿದು ಊರಿಂದೂರಿಗೆ ಅಲೆದರು, ಕಾಳಸಂತೆಯೂ ಬೆಳೆಯಿತು. ಅದೇ ವೇಳೆ ಮಹಾರಾಷ್ಟ್ರದಿಂದ ಬರುವವರನ್ನು ನಿಪ್ಪಾಣಿ ಬಳಿಯ ಕೊಗನೊಳ್ಳಿಯಲ್ಲಿ ತಡೆದು ಪರೀಕ್ಷಾ ವರದಿ ಕೇಳಲಾಗುತ್ತಿತ್ತು. ಮೀರಜ–ಸಾಂಗಲಿಗಳನ್ನೇ ನಂಬಿದ್ದ ಜನರಿಗೆ ಇದು ಹೊಸ ಕಷ್ಟವಾಯಿತು. ಇನ್ನೊಂದೆಡೆ, ಆಮ್ಲಜನಕ ಬೇಕಾದವರಿಗೆ ಮಾತ್ರ ಹಿತವಾದ ಸ್ಟಿರಾಯ್ಡನ್ನು ರೋಗದ ಮೊದಲ ದಿನಗಳಲ್ಲೇ ಸೇವಿಸುವ ಪರಿಪಾಠವೂ ನಾಡಿನಲ್ಲಿ ಹಬ್ಬಿತು. ಅತಿಯಾದ ಸ್ಟಿರಾಯ್ಡ್ ಮತ್ತು ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಕಪ್ಪು ಶಿಲೀಂಧ್ರ ರೋಗಕ್ಕೆ ಮುಖ್ಯ ಕಾರಣಗಳೆಂದು ತಜ್ಞರು ಗುರುತಿಸಿದರು. ೨೦೨೧ರ ಮೇ ತಿಂಗಳಲ್ಲಿ ಕರ್ನಾಟಕವು ಅದನ್ನು ಅಧಿಸೂಚಿತ ರೋಗವೆಂದು ಘೋಷಿಸಿತು. ಔಷಧಿಯ ಹೆಸರು ಜನರನ್ನು ಮುಟ್ಟಿತ್ತು. ಯಾರಿಗೆ, ಯಾವಾಗ, ಎಷ್ಟು ದಿನ ಎಂಬ ವಿವರ ಮುಟ್ಟಿರಲಿಲ್ಲ.

ಗಡಿಭಾಗಕ್ಕೆ ವಿಶಿಷ್ಟವಾದ ಇನ್ನೊಂದು ಕೊರತೆಯನ್ನೂ ಗಮನಿಸಬೇಕು. ಅಥಣಿಯಲ್ಲಿ ರೋಗ ತಗುಲಿ ಮೀರಜಿನಲ್ಲಿ ಚಿಕಿತ್ಸೆ ಪಡೆದವರ ವಿವರ ಎರಡು ರಾಜ್ಯಗಳ ದಫ್ತರಗಳ ನಡುವೆ ಹಂಚಿಹೋಗುತ್ತದೆ. ಯಾವ ಔಷಧಿ ಕೊಟ್ಟಾಗ ಏನಾಯಿತೆಂಬುದು ಒಂದೆಡೆ ಸೇರದಿದ್ದರೆ, ಸಾವಿರಾರು ಜನರ ಅನುಭವವಿದ್ದರೂ ಅದು ಜ್ಞಾನವಾಗುವುದಿಲ್ಲ. ರಿಕವರಿ ಪ್ರಯೋಗವು ಕೆಲವೇ ತಿಂಗಳುಗಳಲ್ಲಿ ಉತ್ತರ ಕೊಡಲು ಸಾಧ್ಯವಾದುದು ಬ್ರಿಟನ್ನಿನ ಆಸ್ಪತ್ರೆಗಳೆಲ್ಲ ಒಂದೇ ಆರೋಗ್ಯ ವ್ಯವಸ್ಥೆಯಲ್ಲಿ ದಾಖಲೆಗಳನ್ನು ಹಂಚಿಕೊಂಡಿದ್ದರಿಂದ ಎಂಬುದನ್ನು ಇದರೊಡನೆ ಹೋಲಿಸಿ ನೋಡಬೇಕು.

ಉಪಸಂಹಾರ

ಕರ್ನಾಟಕಕ್ಕೆ ಈ ವಿಷಯ ಕೋವಿಡ್‌ನೊಂದಿಗೆ ಮುಗಿಯುವುದಿಲ್ಲ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಮುಂದೆ ಗೋವಾ ಮತ್ತು ಸಿಂಧುದುರ್ಗದವರೆಗೂ ಹಬ್ಬಿದೆ. ಅದಕ್ಕಾಗಿಯೇ ಅನುಮತಿ ಪಡೆದ ವೈರಾಣುನಿರೋಧಕ ಔಷಧಿಯೊಂದೂ ಈವರೆಗೆ ಇಲ್ಲ. ಬಳಕೆಯಲ್ಲಿದ್ದ ಹಳೆಯ ಲಸಿಕೆಯನ್ನೂ ೨೦೨೨ರಲ್ಲಿ ನಿಲ್ಲಿಸಲಾಯಿತು. ಮಲೆನಾಡಿನ ಕೆಲವು ಸಾವಿರ ಬಡ ಕುಟುಂಬಗಳ ರೋಗಕ್ಕೆ ಹೊಸ ಔಷಧಿ ಮಾಡಲು ಯಾವ ಕಂಪನಿಗೂ ಲಾಭವಿಲ್ಲ. ಇಂತಹ ರೋಗಕ್ಕೆ ಹಳೆಯ ಔಷಧಿಗಳಲ್ಲಿ ಹುಡುಕುವುದು ಇರುವ ಕೆಲವೇ ದಾರಿಗಳಲ್ಲಿ ಒಂದು. ಆ ಹುಡುಕಾಟಕ್ಕೆ ಮುಕ್ತ ದತ್ತಾಂಶಕೋಶಗಳು ಬೇಕೇ ಬೇಕು.

ಆದರೆ ಕೋಶವನ್ನು ಕಟ್ಟುವುದಕ್ಕಿಂತ ಉಳಿಸಿಕೊಳ್ಳುವುದು ಕಠಿಣವೆಂಬುದನ್ನು ಚರಿತ್ರೆ ತೋರಿಸುತ್ತದೆ. ಬೆಂಗಳೂರಿನ ಪ್ರೊಟೀನ್ ಕೋಶಕ್ಕೆ ೨೦೧೦ರ ನಂತರ ಹೊಸ ಆವೃತ್ತಿ ಬರಲಿಲ್ಲ. ಮುಕ್ತ ಔಷಧ ಸಂಶೋಧನೆಯ ಯೋಜನೆಯು ಆರಂಭದ ಹುರುಪನ್ನು ಉಳಿಸಿಕೊಳ್ಳಲಿಲ್ಲ. ಡ್ರಗ್‌ಬ್ಯಾಂಕ್ ವಾಣಿಜ್ಯ ಬಳಕೆಗೆ ಪರವಾನಗಿ ಕೇಳುವ ಸಂಸ್ಥೆಯಾಯಿತು. ಸರ್ಕಾರಗಳ ಸ್ಥಿರ ನೆರವು ಪಡೆದ ಪಬ್‌ಕೆಮ್ ಮತ್ತು ಪ್ರೊಟೀನ್ ಡೇಟಾ ಬ್ಯಾಂಕುಗಳು ಮಾತ್ರ ಬೆಳೆಯುತ್ತ ಬಂದಿವೆ. ಶಾಸನಗಳನ್ನು ಓದಿ ಪ್ರಕಟಿಸುವುದರಷ್ಟೇ ಅವುಗಳ ಸಂಪುಟಗಳನ್ನು ಮರುಮುದ್ರಿಸುವುದೂ ಮುಖ್ಯವೆಂಬುದನ್ನು ಬಲ್ಲ ಸಂಶೋಧಕರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಒಟ್ಟಿನಲ್ಲಿ, ಮದರಾಸಿನ ಮೆಥಿಸಜೋನ್‌ನಿಂದ ಕೋವಿಡ್‌ನ ಹೈಡ್ರಾಕ್ಸಿಕ್ಲೋರೋಕ್ವಿನ್‌ವರೆಗಿನ ಚರಿತ್ರೆಯನ್ನು ಅವಲೋಕಿಸಿದರೆ ಮೂರು ಸಂಗತಿಗಳು ಖಚಿತವಾಗುತ್ತವೆ. ಮುಕ್ತ ಕೋಶಗಳು ಹುಡುಕಾಟದ ಕಾಲವನ್ನು ವರ್ಷಗಳಿಂದ ವಾರಗಳಿಗೆ ಇಳಿಸಿವೆ ಮತ್ತು ಜಿಲ್ಲಾ ಕೇಂದ್ರಗಳ ಸಂಶೋಧಕರಿಗೂ ಅದರಲ್ಲಿ ಪಾಲು ಕೊಟ್ಟಿವೆ. ಆ ಕೋಶಗಳ ಸೂಚನೆಯನ್ನು ರೋಗಿಗೆ ತಲುಪಿಸುವ ಮೊದಲು ದೊಡ್ಡ ಪ್ರಯೋಗಗಳ ತೀರ್ಪು ಅನಿವಾರ್ಯ. ಸೋತ ಪ್ರಯೋಗಗಳ ಫಲವು ಔಷಧಿಯ ಹೆಸರಿನ ಪಕ್ಕದಲ್ಲಿಯೇ ದಾಖಲಾಗಬೇಕು. ೨೦೦೬ರ ಚಿಕುನ್‌ಗುನ್ಯಾ ರೋಗಿಗಳ ಅನುಭವವು ಕೋಶದ ಅದೇ ಪುಟದಲ್ಲಿ ಇದ್ದಿದ್ದರೆ ೨೦೨೦ರಲ್ಲಿ ಕ್ಲೋರೋಕ್ವಿನ್ ವರ್ಗದ ಔಷಧಿಗಳ ಮೇಲಿನ ಭರವಸೆ ಇನ್ನಷ್ಟು ಎಚ್ಚರದಿಂದ ಕೂಡಿರುತ್ತಿತ್ತು. ಉತ್ತರ ಕರ್ನಾಟಕದ ಜನ ಎರಡು ಪಿಡುಗುಗಳಲ್ಲಿ ಪಟ್ಟ ಕಷ್ಟ ಮುಂದಿನ ಪಿಡುಗಿನ ಕಾಲಕ್ಕೆ ಉಪಯೋಗಕ್ಕೆ ಬರಬೇಕಾದರೆ, ಗಡಿಯ ಎರಡೂ ಬದಿಯ ಆಸ್ಪತ್ರೆಗಳ ದಾಖಲೆಗಳನ್ನು ರೋಗಿಗಳ ಗುರುತು ಬಿಟ್ಟುಕೊಡದಂತೆ ಒಂದೆಡೆ ಸೇರಿಸುವ ಕೆಲಸ ಆರಂಭವಾಗಬೇಕಾಗಿದೆ.